ಮಳೆಗಾಲದ ಕೆರವು: ತೊಗಲೂ ನೀರೂ

ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಎರೆಯ ಹೊಲಗಳಲ್ಲಿ ಮಳೆ ಬಿದ್ದೊಡನೆ ಮಣ್ಣು ಅಂಟಾಗಿ ಕಾಲಿಗೆ ಮೆತ್ತಿಕೊಳ್ಳುತ್ತದೆ. ಪಶ್ಚಿಮದ ಕಿತ್ತೂರಿನ ಕಡೆಗಂತೂ ಮಳೆಯೇ ಹೆಚ್ಚು. ಇಂಥಲ್ಲಿ ತೊಗಲಿನ ಕೆರವು ಒಂದು ಮಳೆಗಾಲವನ್ನು ದಾಟುವುದೇ ಕಷ್ಟ. ನೆನೆದಾಗ ಭಾರವಾಗಿ ಬೂಸು ಹಿಡಿಯುತ್ತದೆ. ಒಣಗಿದ ಮೇಲೆ ಸೆಟೆದು, ಬಿರಿದು, ಹಿಮ್ಮಡಿಯನ್ನು ಕೊರೆಯುತ್ತದೆ. ದುಡಿಯುವವನಿಗೆ ಇದು ಹಣದ ನಷ್ಟವೂ ಹೌದು, ಕಾಲಿನ ನೋವೂ ಹೌದು. ಇದನ್ನು ತಡೆಯುವ ಬಗೆ ಭೌತಶಾಸ್ತ್ರದ ಒಂದು ಸರಳ ಪಾಠದಲ್ಲಿ ಅಡಗಿದೆ.

ನೀರು ಏರುವುದೇಕೆ?

ತೊಗಲೆಂದರೆ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳ ಹೆಣಿಗೆ. ಎಳೆಗಳ ನಡುವಣ ಸೂಕ್ಷ್ಮ ರಂಧ್ರಗಳು, ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ, ನೀರನ್ನು ಹೀರುತ್ತವೆ. ಇದೇ ಕೇಶಾಕರ್ಷಣ. ನೀರಿನ ಮೇಲ್ಮೈ ಕರ್ಷಣ ಸೆಂಟಿಮೀಟರಿಗೆ ಸುಮಾರು 72 ಡೈನ್. ರಂಧ್ರದ ತ್ರಿಜ್ಯವು 0.01 ಮಿ.ಮೀ. ಇದ್ದು, ನೀರು ಅದರ ಗೋಡೆಯನ್ನು ಪೂರ್ಣವಾಗಿ ತೋಯಿಸುವುದಾದರೆ, ಲೆಕ್ಕದ ಪ್ರಕಾರ ಅದು ಸುಮಾರು 1.5 ಮೀಟರ್ ಎತ್ತರಕ್ಕೆ ಏರಬಲ್ಲದು!

ಅದೇ ಗೋಡೆಗೆ ಮೇಣ ಹತ್ತಿತೆನ್ನಿ. ಸ್ಪರ್ಶಕೋನವು 90 ಡಿಗ್ರಿಯನ್ನು ಮೀರಿ ಸುಮಾರು 105 ಆಗುತ್ತದೆ. ಬಲದ ದಿಕ್ಕೇ ತಿರುಗುತ್ತದೆ. ಈಗ ನೀರನ್ನು ಒಳನೂಕಲು ಸುಮಾರು 40 ಸೆಂ.ಮೀ. ನೀರಿನ ಕಂಬದಷ್ಟು ಒತ್ತಡ ಬೇಕು. ರಂಧ್ರ ದೊಡ್ಡದಾದಷ್ಟೂ ಈ ತಡೆ ಕುಗ್ಗುತ್ತದೆ. ಆದುದರಿಂದಲೇ ನೀರು ಮೊದಲು ಹೊಲಿಗೆಯ ತೂತುಗಳಲ್ಲಿ ನುಗ್ಗುತ್ತದೆ.

ನಮ್ಮ ನಾಡಿನ ತೊಗಲು

ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿಗಳಲ್ಲಿ ಕೊಲ್ಹಾಪುರಿ ಚಪ್ಪಲಿಗಳು ಸಿದ್ಧವಾಗುತ್ತವೆ. 2019ರಲ್ಲಿ ಇವಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಕರ್ನಾಟಕದ ನಾಲ್ಕು, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳು ಅದರಲ್ಲಿ ಸೇರಿವೆ. ಜಾಲಿಯ ತೊಗಟೆ, ಅಣಲೆಕಾಯಿಗಳಿಂದ ಹದಗೊಳಿಸಿದ ಈ ತೊಗಲು ನೀರನ್ನು ಬೇಗ ಹೀರುತ್ತದೆ. ಒದ್ದೆಯಾಗಿರುವಾಗ ಸುಮಾರು 75ರಿಂದ 85 ಡಿಗ್ರಿ ಸೆಂಟಿಗ್ರೇಡ್ ಶಾಖ ತಗುಲಿದರೆ ಅದರ ಎಳೆಗಳು ಮುದುಡಿಬಿಡುತ್ತವೆ, ಮತ್ತೆ ಹಿಂದಿನಂತಾಗವು. ನೆನೆದ ಕೆರವನ್ನು ಒಲೆಯ ಬಳಿ ಇಡಬಾರದೆಂಬುದರ ಕಾರಣ ಇದೇ.

ಆರೈಕೆಯ ಕ್ರಮ

ಮೊದಲು ಕೆಸರನ್ನು ಒರೆಸಿ, ನೆರಳಿನಲ್ಲಿ ಗಾಳಿಗೆ ಆರಿಸಬೇಕು. ಬೂಟಾದರೆ ಒಳಗೆ ಹಳೆಯ ಕಾಗದ ತುರುಕಬೇಕು. ತುಸು ಪಸೆಯಿರುವಾಗಲೇ ಔಡಲೆಣ್ಣೆಯನ್ನು ತೆಳುವಾಗಿ ತಿಕ್ಕಿದರೆ, ಎಳೆಗಳು ಒಂದರ ಮೇಲೊಂದು ಜಾರುತ್ತ ಮೆತುವಾಗಿ ಉಳಿಯುತ್ತವೆ. ಪೂರ್ಣ ಒಣಗಿದ ಬಳಿಕ, ಒಂದು ಪಾಲು ಜೇನುಮೇಣವನ್ನು ಎರಡು ಪಾಲು ಔಡಲೆಣ್ಣೆಯೊಡನೆ ಕರಗಿಸಿ ಸವರಬೇಕು. ಮೇಣವು ಸುಮಾರು 63 ಡಿಗ್ರಿಗೆ ಕರಗುವುದರಿಂದ, ಪಾತ್ರೆಯನ್ನು ಬಿಸಿನೀರಿನಲ್ಲಿಟ್ಟರೆ ಸಾಕು. ನೇರ ಉರಿ ಬೇಡ. ಲೇಪವನ್ನು ಉಗುರುಬೆಚ್ಚಗಾದ ಮೇಲೆ ಹಚ್ಚಿರಿ. ಹೊಲಿಗೆಯ ಸಾಲಿಗೆ ಹೆಚ್ಚು, ಉಳಿದೆಡೆ ಮಿತವಾಗಿ. ಅತಿಯಾದರೆ ಬೆವರಿನ ಆವಿಗೂ ಹೊರದಾರಿ ಇಲ್ಲವಾಗುತ್ತದೆ.

ಕೆಲಸ ಸರಿಯಾಯಿತೇ ಎಂಬುದನ್ನು ವಿದ್ಯಾರ್ಥಿಗಳು ತಾವೇ ಪರೀಕ್ಷಿಸಬಹುದು. ತೊಗಲಿನ ಮೇಲೆ ಒಂದು ಹನಿ ನೀರು ಬಿಡಿರಿ. ಹನಿ ಮುತ್ತಿನಂತೆ ದುಂಡಗೆ ನಿಂತರೆ ಲೇಪ ಇದೆ. ಹರಡಿ ಇಂಗಿದರೆ ಅದು ಸವೆದಿದೆ, ಮತ್ತೆ ಹಚ್ಚುವ ಕಾಲ ಬಂದಿದೆ.