ಕತ್ತರಿ ಹಿಡಿದ ಕೈಗೆ ಎಷ್ಟು ಕೊಡಬೇಕು?

2022ರ ನವೆಂಬರ್ ತಿಂಗಳ ಒಂದು ಬೆಳಗ್ಗೆ ಇಬ್ಬರು ಹುಡುಗರು ಬಂದು ನಮ್ಮ ಹಿತ್ತಲಿನ ರಸಪುರಿ ಮಾವಿನ ಮರವನ್ನು ಒಂದೂವರೆ ಗಂಟೆಯಲ್ಲಿ ಸವರಿ ಹೋದರು. ಅವರು ಹೋದ ಮೇಲೆ ಮರದ ಕೆಳಗೆ ನಿಂತು ನೋಡಿದೆ. ಆಳೆತ್ತರದ ಸೊಪ್ಪಿನ ರಾಶಿ. ಕತ್ತರಿಸಿದ ತುದಿಗಳಲ್ಲಿ ಸೊನೆ ಇನ್ನೂ ಒಸರುತ್ತಿತ್ತು. ಮರ ಅಚ್ಚುಕಟ್ಟಾಗಿ, ದುಂಡಗೆ ಕಾಣುತ್ತಿತ್ತು. ಬಿಲ್ಲು 1,500 ರೂಪಾಯಿ, ಸೊಪ್ಪು ಸಾಗಿಸಿದ ಟೆಂಪೋಗೆ 800. ಪರವಾಗಿಲ್ಲ, ಬೇಗ ಮುಗಿಯಿತು ಅಂದುಕೊಂಡು ದುಡ್ಡು ಕೊಟ್ಟು ಕಳಿಸಿದೆ.

ಮುಂದಿನ ಬೇಸಿಗೆಯಲ್ಲಿ ಆ ಮರದಲ್ಲಿ ಒಂದೇ ಒಂದು ಕಾಯಿ ಕಚ್ಚಲಿಲ್ಲ.

ಮಾವು ಹೂ ಬಿಡುವುದು ಕೊಂಬೆಯ ತುದಿಯಲ್ಲಿ. ಹಣ್ಣು ಕೊಯ್ದ ಮೇಲೆ ಜೂನ್, ಜುಲೈಯಲ್ಲಿ ಹೊರಡುವ ಚಿಗುರು ಮಳೆಗಾಲ ಮುಗಿಯುವಷ್ಟರಲ್ಲಿ ಬಲಿಯುತ್ತದೆ. ಚಳಿ ಬಿದ್ದ ಮೇಲೆ ಅದೇ ತುದಿ ಹೂವಾಗುತ್ತದೆ. ನವೆಂಬರ್‌ನಲ್ಲಿ ತುದಿಗೆ ಕತ್ತರಿ ಹಾಕಿದರೆ ಆ ವರ್ಷದ ಫಸಲಿಗೇ ಕತ್ತರಿ ಹಾಕಿದ ಹಾಗೆ. ನಮ್ಮ ಮಾವನವರು ನೆಟ್ಟ ಮರ ಅದು. ಒಳ್ಳೆಯ ವರ್ಷದಲ್ಲಿ 70 ಕೆ.ಜಿ. ಹಣ್ಣು ಕೊಡುತ್ತಿತ್ತು. ಕೆ.ಜಿ.ಗೆ 80 ರೂಪಾಯಿಯಂತೆ ಹಿಡಿದರೂ 5,600 ರೂಪಾಯಿ. ಸವರಿದ ಖರ್ಚನ್ನೂ ಸೇರಿಸಿದರೆ ಆ ಒಂದೂವರೆ ಗಂಟೆಯ ಕೆಲಸ ನಮಗೆ ಬಿದ್ದದ್ದು 7,900 ರೂಪಾಯಿಗೆ. ಅಕ್ಕಪಕ್ಕದ ಮನೆಗಳಿಗೆ ಮೊರದಲ್ಲಿ ಹಂಚುತ್ತಿದ್ದ ಹಣ್ಣಿಗೆ ಬೆಲೆ ಕಟ್ಟಲು ನನಗೆ ಬರುವುದಿಲ್ಲ.

ಅದಕ್ಕೆ ಮೊದಲು ಆರು ವರ್ಷ ಆ ಮರ ನೋಡಿಕೊಂಡವರು ನಮ್ಮ ಮಾಲಿ. 2016ರಲ್ಲಿ ಅವರು ಬರತೊಡಗಿದಾಗ ತಿಂಗಳಿಗೆ ನಾಲ್ಕು ಶನಿವಾರ, ಬೆಳಗ್ಗೆ ಏಳರಿಂದ ಹನ್ನೊಂದರವರೆಗೆ, ಸಲಕ್ಕೆ 300ರಂತೆ 1,200 ರೂಪಾಯಿ. 2021ರ ಹೊತ್ತಿಗೆ ಅದು 2,000 ಆಗಿತ್ತು. ಕನಕಪುರದ ಕಡೆಯವರು. ಅವರ ತಂದೆ ಲಾಲ್‌ಬಾಗ್‌ನಲ್ಲಿ ದಿನಗೂಲಿಗೆ ದುಡಿದವರಂತೆ. ನಮ್ಮ ಮಕ್ಕಳು ಅವರನ್ನು ತಾತ ಅನ್ನುತ್ತವೆ. ಅವರ ಚೀಲದಲ್ಲಿ ಇದ್ದದ್ದು ಒಂದು ಕತ್ತರಿ, ಒಂದು ಕುಡುಗೋಲು, ಸಾಣೆಕಲ್ಲು, ಹಳೆ ಪಂಚೆಯ ಚೂರುಗಳು. ಮರ ಸವರಿದ ಮೇಲೆ ದಪ್ಪ ಕೊಂಬೆಯ ಗಾಯಕ್ಕೆ ಸಗಣಿ ಮೆತ್ತಿ ಆ ಬಟ್ಟೆಯನ್ನು ಸುತ್ತುತ್ತಿದ್ದರು.

ಅವರನ್ನು ಬಿಡಿಸಿದ್ದು ನಾನೇ. ಮನೆಗೆ ಹೊಸ ಬಣ್ಣ ಹೊಡೆಸಿದ್ದೆವು, ಮುಂದಿನ ಅಂಗಳವೂ ಹೊಸದಾಗಲಿ ಎಂಬ ಆಸೆ ಬಂತು. ಲ್ಯಾಂಡ್‌ಸ್ಕೇಪ್ ಮಾಡುವ ಕಂಪನಿಯೊಂದನ್ನು ಕರೆಸಿದೆವು. ಕಂಪ್ಯೂಟರಿನಲ್ಲಿ ಬರೆದ ಚಿತ್ರ ತೋರಿಸಿದರು: ಹಸಿರು ಹಾಸು, ಬಿಳಿ ಬೆಣಚುಕಲ್ಲು, ನಾಲ್ಕು ಮೂಲೆಗೆ ನಾಲ್ಕು ಪಾಮ್ ಗಿಡ. ಒಪ್ಪಿಕೊಂಡೆವು. ನಿರ್ವಹಣೆಯೂ ಅವರದೇ, ತಿಂಗಳಿಗೆ ಎರಡು ಭೇಟಿ, 4,500 ರೂಪಾಯಿ. ಹಾಗಾಗಿ ಒಂದು ಶನಿವಾರ ಮಾಲಿಗೆ "ಇನ್ನು ಮೇಲೆ ಬರೋದು ಬೇಡ ಅಣ್ಣ" ಅಂದೆ. "ಆಯ್ತಮ್ಮಾ" ಅಂದರು. ಹೋಗುವ ಮುಂಚೆ ಮಲ್ಲಿಗೆ ಬಳ್ಳಿಗೆ ನೀರು ಹಾಕಿಯೇ ಹೋದರು.

ಆ ಕಂಪನಿಯ ಬಿಲ್ಲು ಇನ್ನೂ ನನ್ನ ಫೈಲಿನಲ್ಲಿದೆ. 550 ಚದರಡಿ ಮೆಕ್ಸಿಕನ್ ಹುಲ್ಲು, ಹಾಸುವ ಕೂಲಿ ಸೇರಿ ಚದರಡಿಗೆ 55ರಂತೆ 30,250. ಹಳೆ ಮಣ್ಣು ತೆಗೆದು ಕೆಂಪು ಮಣ್ಣು ತುಂಬಲು 22,000. ಬೆಣಚುಕಲ್ಲು ಮತ್ತು ನಡೆಯುವ ಚಪ್ಪಡಿಗೆ 28,000. ನಾಲ್ಕು ಪಾಮ್ ಗಿಡ 18,000. ನೀರು ಚಿಮ್ಮಿಸುವ ಪೈಪು, ಟೈಮರ್ 26,000. ನಕ್ಷೆ ಬರೆದದ್ದಕ್ಕೆ 15,000. ಒಟ್ಟು 1,39,250. ಅದರ ಮೇಲೆ ಶೇ 18 ಜಿಎಸ್‌ಟಿ, 25,065. ಕೈಬಿಟ್ಟು ಹೋದದ್ದು 1,64,315 ರೂಪಾಯಿ.

ಇಂಥ ಕೆಲಸಕ್ಕೆ ಕೈ ಹಾಕುವವರು ಈ ಬಿಲ್ಲಿನಲ್ಲಿ ಎರಡು ಸಾಲುಗಳನ್ನು ನಿಧಾನವಾಗಿ ನೋಡಬೇಕು. ಮೊದಲನೆಯದು ಗಿಡದ ಸಾಲು. ಜೀವಂತ ಗಿಡಗಳಿಗೆ ಜಿಎಸ್‌ಟಿ ಇಲ್ಲ. ನರ್ಸರಿಗೆ ನೀವೇ ಹೋಗಿ ಕೊಂಡರೆ ಗಿಡದ ಬೆಲೆಯಷ್ಟೇ. ಇಡೀ ಕೆಲಸವನ್ನು ಒಟ್ಟಾಗಿ ಗುತ್ತಿಗೆಗೆ ಕೊಟ್ಟಾಗ ಗಿಡದ ದುಡ್ಡೂ ಆ ಮೊತ್ತದೊಳಗೆ ಸೇರಿ ಅದರ ಮೇಲೂ ತೆರಿಗೆ ಬೀಳುತ್ತದೆ. ನಮಗೆ 4,500ಕ್ಕೆ ಬಂದ ಪಾಮ್ ಗಿಡ, ಅಷ್ಟೇ ಎತ್ತರದ್ದು, ಕನಕಪುರ ರಸ್ತೆಯ ನರ್ಸರಿಯಲ್ಲಿ 1,800ಕ್ಕೆ ಸಿಗುತ್ತಿತ್ತು. ನಾನು ವಿಚಾರಿಸಿದ್ದು ಎಲ್ಲ ಮುಗಿದ ಮೇಲೆ.

ಎರಡನೆಯದು ಮಣ್ಣಿನ ಸಾಲು. ಅದರ ಕತೆ ಮುಂದೆ ಬರುತ್ತದೆ.

ಬೆಂಗಳೂರಿನಲ್ಲಿ ತೋಟದ ಕೆಲಸ ಅಂದರೆ ನಿನ್ನೆ ಮೊನ್ನೆಯ ಕಸುಬಲ್ಲ. ಹೈದರಾಲಿ 1760ರಲ್ಲಿ ಲಾಲ್‌ಬಾಗ್‌ಗೆ ಅಡಿಪಾಯ ಹಾಕಿದ. ಜರ್ಮನಿಯ ತೋಟಗಾರಿಕಾ ತಜ್ಞ ಕ್ರುಂಬಿಗಲ್ 1908ರಲ್ಲಿ ಇಲ್ಲಿಗೆ ಬಂದ. ಆಮೇಲೆ ಲಾಲ್‌ಬಾಗ್ ನೋಡಿಕೊಂಡವರು ಜವರಾಯ, ಮರಿಗೌಡ. ಈ ಹೆಸರುಗಳು ನಮಗೆ ಗೊತ್ತು. ಅವರ ಜೊತೆ ಮಣ್ಣಿಗೆ ಇಳಿದ ಕೈಗಳ ಹೆಸರು ಗೊತ್ತಿಲ್ಲ. ಕರಗ ಹೊರುವ ತಿಗಳರು ತಲೆಮಾರುಗಳಿಂದ ಈ ಊರಿನ ಹೂವು, ತರಕಾರಿ ಬೆಳೆದವರು. ಅಂಥವರ ಮಕ್ಕಳು ಮೊಮ್ಮಕ್ಕಳು, ಕನಕಪುರ, ಮಾಗಡಿ ಕಡೆಯಿಂದ ಬಂದವರು, ಈಗ ಬಡಾವಣೆಗಳಲ್ಲಿ ಸೈಕಲ್ಲಿಗೆ ಕತ್ತರಿ ಕಟ್ಟಿಕೊಂಡು ಮನೆ ಮನೆ ತಿರುಗುತ್ತಾರೆ. ಯಾವ ಗಿಡಕ್ಕೆ ಯಾವ ತಿಂಗಳು ಕತ್ತರಿ ಎಂಬುದು ಅವರ ಬೆರಳಿನಲ್ಲಿದೆ. ಗುಲಾಬಿಗೆ ಮಳೆ ಹಿಂದಾದ ಮೇಲೆ, ದುಂಡುಮಲ್ಲಿಗೆಗೆ ಮಾರ್ಗಶಿರದ ಚಳಿಯಲ್ಲಿ, ಮಾವಿಗೆ ಹಣ್ಣು ಇಳಿಸಿದ ಕೂಡಲೇ. ನಾವು ಸಲಕ್ಕೆ ಇಷ್ಟು ಎಂದು ಕೊಡುವ ದುಡ್ಡಿನಲ್ಲಿ ಬಹುಪಾಲು ಈ ತಿಳಿವಳಿಕೆಯ ಬೆಲೆ. ಕಂಪನಿಯಿಂದ ಬಂದು ಮಾವು ಸವರಿದ ಆ ಇಬ್ಬರು ಹುಡುಗರು ಕೆಟ್ಟವರಲ್ಲ, ಅವರಿಗೆ ಯಾರೂ ಕಲಿಸಿರಲಿಲ್ಲ. ನಮ್ಮ ಮರವನ್ನು ಅವರು ಹಿಂದೆ ನೋಡಿಯೂ ಇರಲಿಲ್ಲ, ಮತ್ತೆ ನೋಡಲೂ ಇಲ್ಲ. ಅವರಲ್ಲೊಬ್ಬ "ಆರು ಸಾವಿರ ಕೊಡಿ ಮೇಡಂ, ಬುಡಕ್ಕೇ ತೆಗೆದುಬಿಡ್ತೀವಿ, ಕಸ ಇರಲ್ಲ" ಎಂದೂ ಹೇಳಿದ್ದ. ಸದ್ಯ, ಒಪ್ಪಲಿಲ್ಲ. ನಮ್ಮದೇ ಕಾಂಪೌಂಡಿನ ಮಾವಿನ ಮರವಾದರೂ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿಯ ಅನುಮತಿ ಬೇಕಾಗಬಹುದು. ಕೂಲಿಗೆ ಬಂದವರ ಮಾತು ಕೇಳಿ ಕಡಿಸಿದ್ದರೆ ಕೇಸು ಬೀಳಬಹುದಾಗಿದ್ದದ್ದು ನಮ್ಮ ಮೇಲೆ.

ಇನ್ನು ಹುಲ್ಲಿನ ವಿಷಯ. ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು ಸುರಿದರೆ ಒಂದು ಮಿಲಿಮೀಟರ್ ಮಳೆ ಬಂದ ಹಾಗೆ. ಬೇಸಿಗೆಯಲ್ಲಿ ಹುಲ್ಲು ಹಸಿರಾಗಿರಲು ದಿನಕ್ಕೆ ಐದು ಮಿಲಿಮೀಟರ್ ಹಿಡಿಯೋಣ. ನಮ್ಮ 550 ಚದರಡಿ ಅಂದರೆ 51 ಚದರ ಮೀಟರ್. ದಿನಕ್ಕೆ 255 ಲೀಟರ್, ತಿಂಗಳಿಗೆ ಏಳೂವರೆ ಸಾವಿರ ಲೀಟರಿಗೂ ಮೇಲೆ. ಸಣ್ಣ ಟ್ಯಾಂಕರ್ ಒಂದರಲ್ಲಿ ಬರುವುದು 6,000 ಲೀಟರ್. ಈ ಲೆಕ್ಕವನ್ನು ಹುಲ್ಲು ಹಾಕುವ ಮೊದಲೇ ಒಂದು ಚೀಟಿಯ ಮೇಲೆ ಮಾಡಬಹುದಿತ್ತು. ನಾವು ಮಾಡಲಿಲ್ಲ, ಕಂಪನಿಯವರೂ ಹೇಳಲಿಲ್ಲ.

2024ರ ಮಾರ್ಚ್ ನೆನಪಿದೆಯಲ್ಲ? ಕೊಳವೆ ಬಾವಿಗಳು ಬತ್ತಿದವು. ಕೈತೋಟಕ್ಕೆ, ವಾಹನ ತೊಳೆಯುವುದಕ್ಕೆ ಕುಡಿಯುವ ನೀರು ಬಳಸಬಾರದು, ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತು. ಜಿಲ್ಲಾಡಳಿತ ಟ್ಯಾಂಕರಿಗೆ ದರ ಕಟ್ಟಿತು, 5 ಕಿಲೋಮೀಟರ್ ಒಳಗಾದರೆ 6,000 ಲೀಟರಿಗೆ 600 ರೂಪಾಯಿ. ಆದರೆ ನಮ್ಮ ಬೀದಿಗೆ ಟ್ಯಾಂಕರ್ ಬರುವುದೇ ಕಷ್ಟವಾಗಿತ್ತು. ಅಡುಗೆಮನೆಯಲ್ಲಿ ಅಕ್ಕಿ ತೊಳೆದ ನೀರನ್ನು ಬಕೆಟ್ಟಿನಲ್ಲಿ ಹಿಡಿದು ತುಳಸಿಗೆ ಹಾಕುತ್ತಿದ್ದ ದಿನಗಳಲ್ಲಿ ಹುಲ್ಲಿಗೆ ಯಾವ ಮುಖ ಹೊತ್ತು ನೀರು ಬಿಡುವುದು? ಮೂರು ವಾರದಲ್ಲಿ ಅದು ತೆಂಗಿನ ನಾರಿನ ಬಣ್ಣಕ್ಕೆ ತಿರುಗಿತು. ಇಪ್ಪತ್ತು ತಿಂಗಳ ನಿರ್ವಹಣೆಗೆ ಕೊಟ್ಟ 90,000ವನ್ನೂ ಸೇರಿಸಿದರೆ ಆ ಹುಲ್ಲಿನ ಮೇಲೆ ನಾವು ಸುರಿದದ್ದು ಎರಡೂವರೆ ಲಕ್ಷ ರೂಪಾಯಿ. ನಿರ್ವಹಣೆಯ ಒಪ್ಪಂದವನ್ನು ಫೆಬ್ರುವರಿಗೇ ಮುಗಿಸಿದ್ದೆವು.

ಜೂನ್‌ನಲ್ಲಿ ಮಾಲಿಗೆ ಫೋನ್ ಮಾಡಿದೆ. ಮಾತು ಹೇಗೆ ಶುರು ಮಾಡಬೇಕೋ ತೋಚಲಿಲ್ಲ. ಅವರೇ ಮಕ್ಕಳನ್ನು ವಿಚಾರಿಸಿದರು. ದೊಡ್ಡ ಅಪಾರ್ಟ್‌ಮೆಂಟ್ ಒಂದರಲ್ಲಿ ದಿನಗೂಲಿಗೆ ಸೇರಿದ್ದರು. 700 ರೂಪಾಯಿ ಕೂಲಿ, ಅದರಲ್ಲಿ ಗುತ್ತಿಗೆದಾರ 100 ಹಿಡಿದುಕೊಂಡು ಕೊಡುತ್ತಿದ್ದನಂತೆ.

"ಶನಿವಾರ ಅಲ್ಲಿ ರಜೆ ಹಾಕ್ತೀನಿ ಅಮ್ಮಾ. ಆದ್ರೆ ಹುಲ್ಲು ನೋಡ್ಕೊಳಕ್ಕೆ ಅಂದ್ರೆ ನಂಗೆ ಬೇಡ. ಅದು ಕುಡಿಯೋ ನೀರಲ್ಲಿ ನಾಲ್ಕು ನುಗ್ಗೆ ಮರ ಸಾಕ್ಬೋದು."

ಮೊದಲ ದಿನ ಅವರು ಕತ್ತರಿ ಹೊರಗೆ ತೆಗೆಯಲಿಲ್ಲ. ಮಾವಿನ ಮರದ ಸುತ್ತ ಎರಡು ಸುತ್ತು ಬಂದು, ಒಣಗಿದ ತುದಿಗಳನ್ನು ಬೆರಳಲ್ಲಿ ಮುರಿದು ನೋಡಿದರು. ಆಮೇಲೆ ಗುದ್ದಲಿ ತೆಗೆದುಕೊಂಡು ಮುಂದಿನ ಅಂಗಳದಲ್ಲಿ ಒಂದು ಗೇಣು ಅಗೆದರು. ಮೇಲೆ ನಾಲ್ಕು ಬೆರಳು ಕೆಂಪು ಮಣ್ಣು. ಅದರ ಕೆಳಗೆ ಇಟ್ಟಿಗೆ ಚೂರು, ಜಲ್ಲಿ, ಗಟ್ಟಿಯಾದ ಸಿಮೆಂಟಿನ ಹೆಂಟೆ. ಅಂಗೈಯಲ್ಲಿ ಹಿಡಿದು ನನ್ನ ಮುಂದೆ ಚಾಚಿದರು. ಮಣ್ಣಿನ ಜೊತೆ ಒಂದು ನೀಲಿ ಟೈಲ್ಸ್ ಚೂರೂ ಇತ್ತು, ಯಾವ ಮನೆಯ ಬಚ್ಚಲದ್ದೋ. ಬಿಲ್ಲಿನಲ್ಲಿ 22,000 ರೂಪಾಯಿಯ ಸಾಲು ಅದು. ಮಣ್ಣು ತುಂಬುವ ದಿನ ಮನೆಯಲ್ಲಿದ್ದು ಒಂದು ಕೋಲು ಚುಚ್ಚಿ ನೋಡಿದ್ದರೆ ಸಾಕಿತ್ತು. ನಿಮ್ಮ ಮನೆಯಲ್ಲಿ ಈ ಕೆಲಸ ಆಗುವುದಿದ್ದರೆ ಹುಲ್ಲು ಹಾಸುವ ದಿನ ಕಚೇರಿಗೆ ಹೋದರೂ ಪರವಾಗಿಲ್ಲ, ಮಣ್ಣು ಬರುವ ದಿನ ರಜೆ ಹಾಕಿ. ಎಷ್ಟು ಲೋಡು, ಎಷ್ಟು ಅಡಿ ಆಳ ಎಂಬುದನ್ನು ಮೊದಲೇ ಬರೆಸಿಕೊಳ್ಳಿ.

ಅಂಗಳ ಮತ್ತೆ ಸರಿಮಾಡಲು ನಮಗೆ ಹಿಡಿದದ್ದು 17,250 ರೂಪಾಯಿ. ಕೆಂಪು ಮಣ್ಣು ಎರಡು ಲೋಡು 7,000. ಕೊಟ್ಟಿಗೆ ಗೊಬ್ಬರ ಹದಿನೈದು ಚೀಲ 2,250. ಬೇವಿನ ಹಿಂಡಿ 800. ಕಲ್ಲು ಜಲ್ಲಿ ಸಾಗಿಸಿದವನಿಗೆ 2,000. ಅಗೆಯಲು ಬಂದ ಆಳಿಗೆ ಎರಡು ದಿನಕ್ಕೆ 1,800. ಉಳಿದ 3,400ಕ್ಕೆ ದುಂಡುಮಲ್ಲಿಗೆ, ನಾಲ್ಕು ಬಗೆಯ ದಾಸವಾಳ, ನಿಂಬೆ, ಕರಿಬೇವು, ಸಂಪಿಗೆ. ಗಿಡ ತರಲು ಮಾಲಿಯೊಂದಿಗೆ ನಾನೂ ಹೋದೆ. ನಾನು ಹೂವಿರುವ ಗಿಡ ಎತ್ತಿಕೊಂಡಾಗಲೆಲ್ಲ ಅವರು ತೆಗೆದು ಇಟ್ಟುಬಿಡುತ್ತಿದ್ದರು. ಚೀಲದ ತಳದಿಂದ ಬೇರು ಹೊರಬಂದಿದೆಯೇ, ಎಲೆಯ ಅಡಿಯಲ್ಲಿ ಬಿಳಿ ಹಿಟ್ಟು ತಿಗಣೆ ಇದೆಯೇ ಎಂದು ನೋಡಿ ಆರಿಸಿದರು. ಉದುರಿದ ಮಾವಿನೆಲೆಯನ್ನು ಈಗ ಯಾರೂ ಗುಡಿಸಿ ಎಸೆಯುವುದಿಲ್ಲ, ಗಿಡದ ಬುಡಕ್ಕೆ ಹೊದಿಸುತ್ತೇವೆ. ಕಳೆದ ಬೇಸಿಗೆಯಲ್ಲಿ ತರಕಾರಿ, ಅಕ್ಕಿ ತೊಳೆದ ನೀರು, ಜೊತೆಗೆ ಎರಡು ದಿನಕ್ಕೊಮ್ಮೆ ನಾಲ್ಕೈದು ಬಕೆಟ್ ನೀರು, ಇಷ್ಟರಲ್ಲೇ ಅಂಗಳ ಉಳಿಯಿತು.

ಈಗ ಅವರಿಗೆ ಸಲಕ್ಕೆ 800, ತಿಂಗಳಿಗೆ 3,200 ಕೊಡುತ್ತೇವೆ. ನಮ್ಮ ಬಡಾವಣೆಯಲ್ಲಿ ಅರ್ಧ ದಿನಕ್ಕೆ 500 ಕೊಡುವವರೂ ಇದ್ದಾರೆ, ಇಡೀ ದಿನಕ್ಕೆ 1,000 ಕೊಡುವವರೂ ಇದ್ದಾರೆ. ಐನೂರಕ್ಕೆ ಸಿಗುವವರನ್ನು ಬಿಟ್ಟು ಎಂಟುನೂರು ಯಾಕೆ ಎಂದು ಗೆಳತಿ ಕೇಳಿದಳು. ನನ್ನ ಪ್ರಕಾರ ಇಲ್ಲಿ ಮುನ್ನೂರು ಉಳಿಸುವುದು ಉಳಿತಾಯವಲ್ಲ. ಗೊಬ್ಬರ, ಔಷಧಿಯನ್ನು ನಾವೇ ಕೊಂಡು ತರುತ್ತೇವೆ, ಅದರಲ್ಲಿ ಅವರು ಕೈ ಇಡಬೇಕಾದ ಪ್ರಸಂಗವೇ ಬರುವುದಿಲ್ಲ. ಕಡಿಮೆ ಕೂಲಿ ಕೊಟ್ಟ ಕಡೆಯೇ ಗೊಬ್ಬರದ ಚೀಲಕ್ಕೆ ದುಪ್ಪಟ್ಟು ಬಿಲ್ಲು ಬರುತ್ತದೆ ಎಂಬುದನ್ನು ನಾಲ್ಕಾರು ಮನೆಗಳಲ್ಲಿ ನೋಡಿದ್ದೇನೆ. ಮಳೆ ಸುರಿದು ಕೆಲಸ ನಿಂತ ಶನಿವಾರಕ್ಕೂ ಅವರ ದುಡ್ಡು ಕೊಡುತ್ತೇವೆ. ಬಂದದ್ದು ಅವರ ತಪ್ಪಲ್ಲ, ಮಳೆ ಬಂದದ್ದೂ ಅಲ್ಲ. ಆಯುಧಪೂಜೆಗೆ ಒಂದು ತಿಂಗಳ ಸಂಬಳ. ಇದಿಷ್ಟನ್ನೂ ಸೇರಿಸಿದರೂ ವರ್ಷಕ್ಕೆ 41,600. ಕಂಪನಿಗೆ ಕೊಡುತ್ತಿದ್ದದ್ದು 54,000. ತೆಂಗಿನ ಮರ ಮಾತ್ರ ಅವರ ಕೈಲಿ ಹತ್ತಿಸುವುದಿಲ್ಲ. ಅದಕ್ಕೆ ಬೇರೆಯವರು ಬರುತ್ತಾರೆ, ಮರಕ್ಕೆ 400.

ಏಣಿ ಹತ್ತುವುದು ತಪ್ಪಲಿಲ್ಲ. ಕಳೆದ ಜೂನ್‌ನಲ್ಲಿ ಹಣ್ಣೆಲ್ಲ ಇಳಿಸಿದ ಮೇಲೆ ಮಾವು ಸವರಲು ಅವರು ಹನ್ನೆರಡು ಅಡಿ ಮೇಲೆ ನಿಂತಿದ್ದಾಗ ಏಣಿ ಹಿಡಿದಿದ್ದವಳು ನಾನು. ಅವರಿಗೆ ವಯಸ್ಸು 62. ಬಿದ್ದರೆ? ಆ ಪ್ರಶ್ನೆ ನನಗೆ ಒಂಬತ್ತು ವರ್ಷ ಹೊಳೆದಿರಲಿಲ್ಲ ಎಂಬುದು ಆಗ ಮನಸ್ಸಿಗೆ ಚುಚ್ಚಿತು. ಕೇಳಿದೆ. ವಿಮೆ ಗಿಮೆ ಏನೂ ಇರಲಿಲ್ಲ, ಬ್ಯಾಂಕ್ ಖಾತೆ ಇತ್ತು. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ, 18ರಿಂದ 70 ವರ್ಷದವರೆಗೆ ಸೇರಬಹುದು. ಅಪಘಾತದಲ್ಲಿ ಸಾವು ಅಥವಾ ಪೂರ್ಣ ಅಂಗವೈಕಲ್ಯ ಆದರೆ 2 ಲಕ್ಷ, ಭಾಗಶಃ ಆದರೆ 1 ಲಕ್ಷ. ಕೈಕಾಲು ಮುರಿದ ಆಸ್ಪತ್ರೆ ಖರ್ಚು ಇದರಲ್ಲಿ ಬರುವುದಿಲ್ಲ, ಅದಕ್ಕೆಂದು ನಾವೇ ತಿಂಗಳಿಗೆ 300 ರೂಪಾಯಿಯ ಆರ್‌ಡಿ ಕಟ್ಟುತ್ತಿದ್ದೇವೆ. ಮುಂದಿನ ಸೋಮವಾರವೇ ಅವರೊಂದಿಗೆ ಬ್ಯಾಂಕಿಗೆ ಹೋದೆ. ಅರ್ಜಿಯಲ್ಲಿ ಉದ್ಯೋಗ ಎಂಬಲ್ಲಿ ಗುಮಾಸ್ತೆ "ಕೂಲಿ" ಎಂದು ಬರೆಯಲು ಹೊರಟರು. ನಮ್ಮ ಮಾಲಿ ತಡೆದರು.

"ತೋಟಗಾರ ಅಂತ ಬರೀರಿ ಮೇಡಂ."