ಕ್ರಮವಿಧಿಗಳ ಭಂಡಾರ

ಲಾಗರಿತಮ್ ಬೇಕಾದಾಗ ನಾವು ಅದನ್ನು ಮೊದಲಿನಿಂದ ಗಣಿಸುವುದಿಲ್ಲ. ಹಿಂದಿನವರು ಗಣಿಸಿ, ತಾಳೆ ನೋಡಿ ಅಚ್ಚು ಹಾಕಿಸಿದ ಕೋಷ್ಟಕವನ್ನು ತೆರೆಯುತ್ತೇವೆ. ಗಣಕಯಂತ್ರಕ್ಕೆ ಕ್ರಮವಿಧಿಗಳನ್ನು ಬರೆಯುವವರಿಗೂ ಇಂತಹುದೇ ಸೌಕರ್ಯವು ಅವಶ್ಯಕ. ಅದು ಹೇಗೆ ಒದಗಿತೆಂಬುದನ್ನು ನೋಡೋಣ.

ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಎಡ್ಸ್ಯಾಕ್ ಎಂಬ ಯಂತ್ರವು 1949ರ ಮೇ 6ರಂದು ತನ್ನ ಮೊದಲ ಲೆಕ್ಕವನ್ನು ಮಾಡಿತು. ಕ್ರಮವಿಧಿಯಲ್ಲಿ ತಪ್ಪುಗಳು ಎಷ್ಟು ಸುಲಭವಾಗಿ ನುಸುಳುತ್ತವೆ ಎಂಬುದು ಅದನ್ನು ಕಟ್ಟಿಸಿದ ಮಾರಿಸ್ ವಿಲ್ಕ್ಸ್ ಅವರಿಗೆ ಬೇಗನೆ ಮನದಟ್ಟಾಯಿತು. ವರ್ಗಮೂಲವನ್ನು ಕಂಡುಹಿಡಿಯುವ ಆದೇಶಗಳನ್ನು ಪ್ರತಿಯೊಬ್ಬನೂ ಹೊಸದಾಗಿ ಬರೆದರೆ, ಪ್ರತಿಯೊಬ್ಬನೂ ಹೊಸದಾಗಿ ತಪ್ಪುವನಷ್ಟೆ! ಆದುದರಿಂದ ಪರೀಕ್ಷಿಸಿದ ಸಬ್‌ರೂಟೀನುಗಳನ್ನು, ಅಂದರೆ ಉಪಕ್ರಮವಿಧಿಗಳನ್ನು, ರಂಧ್ರ ಕೊರೆದ ಕಾಗದದ ಪಟ್ಟಿಗಳ ರೂಪದಲ್ಲಿ ಬೀರುವಿನಲ್ಲಿ ಜೋಡಿಸಿಟ್ಟರು. ಬೇಕಾದವರು ಅವುಗಳನ್ನು ತಮ್ಮ ಪಟ್ಟಿಗೆ ನಕಲು ಮಾಡಿಕೊಳ್ಳುತ್ತಿದ್ದರು.

ಆದರೆ ತುಣುಕನ್ನು ತೆಗೆದಿಟ್ಟ ಮಾತ್ರಕ್ಕೆ ಅದು ಎಲ್ಲರಿಗೂ ಒದಗುವುದಿಲ್ಲ. ಮೊದಲನೆಯದಾಗಿ, ಅದು ಯಂತ್ರದ ಸ್ಮೃತಿಯಲ್ಲಿ ಎಲ್ಲಿ ಕುಳಿತರೂ ನಡೆಯಬೇಕು. ಅದಕ್ಕಾಗಿ ಒಳಗಿನ ವಿಳಾಸಗಳನ್ನು ತುಣುಕಿನ ಆರಂಭದಿಂದ ಎಣಿಸಿ ಬರೆದರು. ಪಟ್ಟಿಯನ್ನು ಓದುವಾಗ ಯಂತ್ರವೇ ಆರಂಭದ ಸ್ಥಾನವನ್ನು ಅವುಗಳಿಗೆ ಕೂಡಿಸುತ್ತಿತ್ತು. ಎರಡನೆಯದಾಗಿ, ಕೆಲಸ ಮುಗಿದ ಮೇಲೆ ಕರೆದವರ ಬಳಿಗೇ ಮರಳಬೇಕು. ಡೇವಿಡ್ ವೀಲರ್ ಅವರ ಯುಕ್ತಿಯಂತೆ, ಕರೆದ ಸ್ಥಾನದ ಗುರುತನ್ನು ಪಡೆದ ಉಪಕ್ರಮವಿಧಿಯು ಹಿಂತಿರುಗುವ ಆದೇಶವನ್ನು ತನ್ನ ಕೊನೆಯಲ್ಲಿ ತಾನೇ ನೆಟ್ಟುಕೊಳ್ಳುತ್ತಿತ್ತು. ಮೂರನೆಯದಾಗಿ, ಏನನ್ನು ಕೊಡಬೇಕು, ಏನು ದೊರೆಯುವುದು ಎಂಬ ವಿವರಣೆ ಜೊತೆಗಿರಬೇಕು. ಒಳಗಿನ ರಚನೆಯನ್ನು ಅರಿಯದವನೂ ಬಳಸಬಲ್ಲಂತೆ ಇದನ್ನು ಬರೆಯುವುದೇ ಅತ್ಯಂತ ಕಠಿಣವಾದ ಕೆಲಸವಿರಬಹುದೆಂದು ವೀಲರ್ 1952ರಲ್ಲಿಯೇ ಹೇಳಿದರು.

ಇಂದು ಬೀರುವಿನ ಸ್ಥಾನದಲ್ಲಿ ಅಂತರಜಾಲದ ಭಂಡಾರಗಳಿವೆ. ಲೈಬ್ರರಿಯ ಹೆಸರಿನೊಡನೆ 2.4.1ರಂತಹ ಆವೃತ್ತಿಸಂಖ್ಯೆಯನ್ನು ಕಾಣುತ್ತೇವೆ. ರೂಢಿಯಲ್ಲಿರುವ ಒಂದು ಕ್ರಮದಂತೆ, ಕೊನೆಯ ಅಂಕಿ ಬದಲಾದರೆ ದೋಷ ತಿದ್ದಲಾಗಿದೆ. ನಡುವಿನದು ಬದಲಾದರೆ ಹೊಸ ಸೌಕರ್ಯ ಸೇರಿದೆ. ಮೊದಲನೆಯದು ಬದಲಾದರೆ ಹಳೆಯ ಬಳಕೆಗೆ ಭಂಗ ಬಂದೀತೆಂದು ತಿಳಿಯಬೇಕು.

ಹಂಚಿಕೊಂಡದ್ದು ಹೊಣೆಯನ್ನೂ ತರುತ್ತದೆ. 2016ರ ಮಾರ್ಚಿಯಲ್ಲಿ, ಅಕ್ಷರಸಾಲಿನ ಎಡಬದಿಯನ್ನು ತುಂಬುವ ‘ಲೆಫ್ಟ್‌-ಪ್ಯಾಡ್’ ಎಂಬ ಕೇವಲ 11 ಸಾಲುಗಳ ತುಣುಕನ್ನು ಅದರ ಕರ್ತೃವು ಭಂಡಾರದಿಂದ ಹಿಂತೆಗೆದುಕೊಂಡಾಗ, ಅದನ್ನು ನೆಚ್ಚಿದ್ದ ಸಾವಿರಾರು ಯೋಜನೆಗಳ ಜೋಡಣೆ ಕೆಲವು ಗಂಟೆ ಕೆಟ್ಟಿತು. ತಾನು ಬರೆದುದನ್ನು ಭಂಡಾರಕ್ಕೆ ಸೇರಿಸುವ ವಿದ್ಯಾರ್ಥಿಯು ಇದನ್ನು ನೆನಪಿನಲ್ಲಿಡಬೇಕು: ಆ ಕ್ಷಣದಿಂದ ಅದು ಅವನೊಬ್ಬನದಲ್ಲ.