ಇಮೇಲಿನ ಚಿತ್ರಕ್ಕೆ ಅಗಲ ಎರಡು ಸಲ

ವೆಬ್‌ಸೈಟಿನ ಕೋಡನ್ನೇ ಇಮೇಲಿಗೂ ಅಂಟಿಸಿ ಕಳಿಸುವವರು ಬಹಳ. ಫೋನಿನಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ. ಆಫೀಸಿನ ಕಂಪ್ಯೂಟರಿನಲ್ಲಿ ತೆರೆದರೆ ಬ್ಯಾನರು ಪರದೆಯ ಆಚೆಗೆ ಓಡಿರುತ್ತದೆ.

1. ಅಗಲವನ್ನು ಎರಡು ಕಡೆ ಬರೆಯಿರಿ. ವಿಂಡೋಸ್‌ನ ಕ್ಲಾಸಿಕ್ ಔಟ್‌ಲುಕ್ 2007ರ ಆವೃತ್ತಿಯಿಂದ ಮೇಲ್ ತೋರಿಸಲು ವರ್ಡ್‌ನ ಎಂಜಿನ್ನನ್ನು ನೆಚ್ಚಿಕೊಂಡಿತು. ಬ್ರೌಸರುಗಳು ಪಾಲಿಸುವ ‘ಮ್ಯಾಕ್ಸ್-ವಿಡ್ತ್’ ಅದರ ಕಿವಿಗೇ ಬೀಳುವುದಿಲ್ಲ. ಇಮೇಜ್ ಟ್ಯಾಗಿನಲ್ಲಿ ‘ವಿಡ್ತ್’ ಇಲ್ಲದಿದ್ದರೆ ಫೈಲು ಎಷ್ಟು ಅಗಲವೋ ಅಷ್ಟನ್ನೂ ಹರಡಿಬಿಡುತ್ತದೆ. ಆದ್ದರಿಂದ ಟ್ಯಾಗಿನಲ್ಲಿ ವಿಡ್ತ್ 600 ಎಂದು ಬರೀ ಅಂಕಿ ಕೊಡಿ, ‘ಪಿಎಕ್ಸ್’ ಸೇರಿಸಬೇಡಿ. ಅದು ಔಟ್‌ಲುಕ್‌ಗೆ. ಅದೇ ಟ್ಯಾಗಿನ ‘ಸ್ಟೈಲ್’ನಲ್ಲಿ ವಿಡ್ತ್ ಶೇ 100, ಮ್ಯಾಕ್ಸ್-ವಿಡ್ತ್ 600 ಪಿಎಕ್ಸ್ ಎಂದು ಬರೆಯಿರಿ. ಇದು ಫೋನಿಗೆ. ಎರಡೂ ಇದ್ದರೆ ಜಗಳವಿಲ್ಲ. ಸ್ಟೈಲು ಬಲ್ಲ ಆ್ಯಪ್‌ಗಳು ಸ್ಟೈಲನ್ನೇ ಅನುಸರಿಸುತ್ತವೆ.

2. ಎತ್ತರಕ್ಕೆ ‘ಹೈಟ್ ಆಟೋ’. ಟ್ಯಾಗಿನಲ್ಲಿ ಎತ್ತರ ಕೊಟ್ಟು ಸ್ಟೈಲಿನಲ್ಲಿ ಆಟೋ ಮರೆತರೆ, ಫೋನಿನಲ್ಲಿ ಅಗಲ ಮಾತ್ರ ಕುಗ್ಗುತ್ತದೆ. ಚಿತ್ರದಲ್ಲಿದ್ದವರ ಮುಖವೆಲ್ಲ ಪಡವಲಕಾಯಿ.

3. ಫೈಲು 1200, ತೋರಿಸುವುದು 600. ಇಂದಿನ ಫೋನ್‌ಗಳ ಒತ್ತೊತ್ತಾದ ಪಿಕ್ಸೆಲ್ಲುಗಳಿಗೆ ಈ ದುಪ್ಪಟ್ಟು ಬೇಕು, ಇಲ್ಲವಾದರೆ ಚಿತ್ರ ಮಸುಕು. ಮೂರರಷ್ಟು ಮಾಡಿದರೆ ತೂಕ ಏರುವಷ್ಟು ಅಂದ ಏರುವುದಿಲ್ಲ.

4. ಅಕ್ಷರವನ್ನು ಚಿತ್ರದೊಳಗೆ ಕೂಡಿಹಾಕಬೇಡಿ. 600ರ ಬ್ಯಾನರು 360 ಅಗಲದ ಫೋನಿಗೆ ಬಂದರೆ 20 ಪಿಕ್ಸೆಲ್ಲಿನ ಅಕ್ಷರ 12ಕ್ಕೆ ಇಳಿಯುತ್ತದೆ. ಇಂಗ್ಲಿಷ್ ಅಕ್ಷರ ಹೇಗೋ ಬಚಾವಾದೀತು, ಕನ್ನಡದ ಒತ್ತಕ್ಷರ ಮಾತ್ರ ಮಸಿಚುಕ್ಕೆಯಾಗುತ್ತದೆ. ‘ಕನ್ನಡ ಫಾಂಟು ಬರದಿದ್ದರೆ?’ ಎಂಬ ಹಳೆಯ ಭಯಕ್ಕೆ ಇನ್ನೂ ಎಷ್ಟೋ ಕಡೆ ಇಡೀ ಆಮಂತ್ರಣವನ್ನೇ ಒಂದು ಚಿತ್ರವಾಗಿ ಕಳಿಸುತ್ತಾರೆ. ಈಗಿನ ಆಂಡ್ರಾಯ್ಡ್, ಐಫೋನ್ ಎರಡರಲ್ಲೂ ಕನ್ನಡ ಫಾಂಟು ಇದ್ದೇ ಇದೆ. ದಿನಾಂಕ, ಜಾಗ, ಬೆಲೆ ಇವನ್ನು ಚಿತ್ರದ ಕೆಳಗೆ ಪಠ್ಯವಾಗಿ ಬರೆಯಿರಿ. ಓದುಗರು ವಿಳಾಸವನ್ನು ಕಾಪಿ ಮಾಡಿ ಮ್ಯಾಪಿಗೆ ಹಾಕಿಕೊಳ್ಳಬಹುದು, ಕಣ್ಣು ಕಾಣದವರ ಫೋನು ಅದನ್ನು ಓದಿಯೂ ಹೇಳುತ್ತದೆ.

5. ಸ್ಟೈಲಿನಲ್ಲಿ ‘ಡಿಸ್‌ಪ್ಲೇ ಬ್ಲಾಕ್’ ಸೇರಿಸಿ. ಚಿತ್ರದ ಕೆಳಗಿನ ಬಿಳಿ ಗೆರೆ ಮಾಯ.

6. ಚಿತ್ರ ಬಾರದ ಗಳಿಗೆಗೂ ಸಿದ್ಧರಿರಿ. ಹೊರಗಿನ ಚಿತ್ರಗಳನ್ನು ಔಟ್‌ಲುಕ್ ಸಾಮಾನ್ಯವಾಗಿ ತಾನಾಗಿ ಇಳಿಸಿಕೊಳ್ಳುವುದಿಲ್ಲ. ಓದುಗರು ಇಳಿಸಿಕೊಳ್ಳುವವರೆಗೆ ಖಾಲಿ ಚೌಕದಲ್ಲಿ ಕಾಣುವುದು ಇಮೇಜ್ ಟ್ಯಾಗಿನ ‘ಆಲ್ಟ್’ನಲ್ಲಿ ಬರೆದ ಪಠ್ಯ. ಅಲ್ಲಿ ‘ಬ್ಯಾನರ್ 1’ ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ‘ಸೀರೆಗಳಿಗೆ ಭಾನುವಾರದವರೆಗೆ ರಿಯಾಯಿತಿ’ ಎಂದರೆ ವ್ಯಾಪಾರವಾದೀತು.

7. ಜಿಫ್ ಹಾಕುವುದಾದರೆ ಮೊದಲ ಫ್ರೇಮನ್ನು ನೋಡಿಕೊಳ್ಳಿ. ಔಟ್‌ಲುಕ್‌ನ ಹಳೆಯ ಆವೃತ್ತಿಗಳಲ್ಲಿ ಅದು ಅಲ್ಲಿಗೇ ನಿಂತುಬಿಡುತ್ತದೆ. ದರ ಕೊನೆಯ ಫ್ರೇಮಿನಲ್ಲಿದ್ದರೆ ಮೊದಲಿಗೆ ತನ್ನಿ.